ಎಡಗೈ ಹೆಬ್ಬೆರಳು

ನನ್ನ ಕೆಲಸ ಲೆಕ್ಕ ಇಡುವುದು.
ಬಟ್ಟಲು ಯಾವ ಕೈಲಿತ್ತು, ಸಿಗರೇಟು ಎಷ್ಟು ಉರಿದಿತ್ತು,
ಮೇಲಿನ ಗುಂಡಿ ಹಾಕಿತ್ತೋ ಬಿಚ್ಚಿತ್ತೋ.
ಊಟ ಮುಗಿಸಿ ಬಂದು ಕ್ಯಾಮೆರಾ ಮತ್ತೆ ತಿರುಗಿದಾಗ
ಜಗತ್ತು ಬಿಟ್ಟಲ್ಲಿಂದಲೇ ಶುರುವಾಗಬೇಕು.
ಒಂದು ಸ್ಟೂಲು, ಸ್ಟಾಪ್‌ವಾಚು, ಮೊಂಡು ಪೆನ್ಸಿಲು,
ಮೂವತ್ತೆಂಟು ವರ್ಷ.

ಐವತ್ಮೂರರ ಚಳಿಗಾಲ, ಬೋರಮ್‌ವುಡ್ಡಿನ ಸ್ಟುಡಿಯೋ.
ಮಂಜು ಒಳಗೂ ಬಂದು ದೀಪಗಳ ಸುತ್ತ ನಿಂತಿತ್ತು.
ಹೊಸ ಹುಡುಗಿ, ವೆರೀನಾ ಲೈಲ್, ಎಂದರು.
ಹೆಸರಿಟ್ಟು ಹದಿನೈದು ದಿನ ಆಗಿತ್ತಷ್ಟೆ,
ಕರೆದರೆ ತಿರುಗುತ್ತಿರಲಿಲ್ಲ.
ನನ್ನ ಪುಸ್ತಕದಲ್ಲಿ ಅವಳ ಮೊದಲ ಸಾಲು:
'ಎಡಗೈ ಹೆಬ್ಬೆರಳು. ಗಾಯದ ಕಲೆ. ಮುಚ್ಚಿದೆ.'

ಆ ಕಲೆ ಎಡ್ನಾ ಸ್ಕ್ರಿಮ್‌ಶಾಳದು.
ಗ್ರಿಮ್ಸ್‌ಬಿಯ ಬಂದರು, ಹೆರಿಂಗ್ ಮೀನಿನ ರಾಶಿ,
ಹದಿನಾಲ್ಕರ ಹುಡುಗಿ ಅವ್ವನ ಪಕ್ಕ ನಿಂತು
ನಿಮಿಷಕ್ಕೆ ಮೂವತ್ತು ಹೊಟ್ಟೆ ಸೀಳುವಾಗ
ಮೂವತ್ತೊಂದನೆಯದು ತನ್ನದೇ ಬೆರಳಾಗಿತ್ತು.
ಉಪ್ಪು ಕೂತು, ಗಾಯ ಬೆಳ್ಳಗೆ ಗಟ್ಟಿಯಾಯಿತು.
ಸ್ಟುಡಿಯೋದ ಮಾತಿನ ಮೇಷ್ಟರು ಅವಳ ನಾಲಗೆಯಿಂದ
ಊರನ್ನು ಮುಳ್ಳು ಮುಳ್ಳಾಗಿ ಹೆಕ್ಕಿ ತೆಗೆದರು;
ಬೆರಳಿಗೆ ಮಾತ್ರ ದಿನಾ ಬಣ್ಣ ಬಳಿಯಬೇಕಿತ್ತು.

ನಾಯಕಿಯಾಗಲಿಲ್ಲ. ನಾಯಕಿಯ ಗೆಳತಿ,
ಗೂಢಚಾರನ ಹೆಂಡತಿ, ಅರ್ಧ ಬಾಗಿಲು ತೆರೆದು
'ಮನೇಲಿ ಯಾರೂ ಇಲ್ಲ' ಎನ್ನುವವಳು.
ಹನ್ನೊಂದು ಸಿನಿಮಾಗಳಲ್ಲಿ ಸತ್ತಳು,
ಎರಡು ಸಲ ನೀರಲ್ಲಿ, ಒಮ್ಮೆ ಅತ್ತೆ ಕೊಟ್ಟ ಕೋಕೋ ಕುಡಿದು.
ಒಂಬತ್ತನೇ ಟೇಕಿಗೆ ನೆಲದ ಮೇಲೆ ಹೆಣವಾಗಿ ಮಲಗಿ
ತುಟಿ ಅಲುಗಿಸದೆ ಕೇಳಿದಳು:
'ನೋರೀನ್, ಕ್ಯಾಂಟೀನಲ್ಲಿ ಇವತ್ತೇನು?'
ಬರೆದುಕೊಂಡೆ: ಬಲಗಾಲು ಮಡಚಿದೆ. ಹಸಿದಿದ್ದಾಳೆ.

ಆಮೇಲೆ ಸ್ಟುಡಿಯೋಗಳೇ ಒಂದೊಂದಾಗಿ ಸತ್ತವು.
ಕಡಲ ದಂಡೆಯ ಊರುಗಳಲ್ಲಿ ನಾಟಕ,
ಮಳೆ ಬಂದರಷ್ಟೇ ಜನ.
ಸೂಪಿನ ಜಾಹೀರಾತು. ಒಬ್ಬ ಗಂಡ,
ಸೌಂಡ್ ವಿಭಾಗದವನು, ಸದ್ದಿಲ್ಲದೆ ಹೋದ.

ಎಪ್ಪತ್ತೊಂದರಲ್ಲಿ ಟೀವಿ ಕರೆಯಿತು.
ಲೀಡ್ಸಿನಲ್ಲಿ ರಟ್ಟಿನ ಗೋಡೆಯ ಮೀನಿನಂಗಡಿ,
ಕೌಂಟರಿನ ಹಿಂದೆ ಅವಳು, ಏಪ್ರನ್ನು,
ವಾರಕ್ಕೆರಡು ಸಂಜೆ, ಹತ್ತೊಂಬತ್ತು ವರ್ಷ.
ಈಗ ಊರ ನಾಲಗೆಯೇ ಬೇಕಂತೆ!
ನಕ್ಕಳು. ಮೇಷ್ಟರು ತೀರಿಕೊಂಡಿದ್ದರು,
ಕಿತ್ತುಕೊಂಡದ್ದನ್ನು ಯಾರ ಬಳಿ ವಾಪಸು ಕೇಳುವುದು?
ಭಾನುವಾರಗಳಲ್ಲಿ ರೈಲು ಹತ್ತಿ ಗ್ರಿಮ್ಸ್‌ಬಿಗೆ ಹೋಗಿ
ಬಂದರಿನ ಬೆಂಚಲ್ಲಿ ಕೂತು ಕೇಳಿಸಿಕೊಂಡು ಬಂದಳು.
ಬಣ್ಣದ ಹುಡುಗಿ ಬೆರಳು ಹಿಡಿದಾಗ ಕೈ ಕೊಸರಿಕೊಂಡಳು.
ಬರೆದುಕೊಂಡೆ: ಕಲೆ. ಹಾಗೇ ಇರಲಿ.

ಆ ವರ್ಷಗಳಲ್ಲಿ ಎಲ್ಲರೂ ಅವಳನ್ನು ಬಲ್ಲರು,
ಅಂದರೆ ಅಂಗಡಿಯವಳನ್ನು.
ಸೊಸೆಯನ್ನು ಮನೆಯಿಂದ ಹೊರಹಾಕಿದ ವಾರ
ಮಾರ್ಕೆಟ್ಟಿನಲ್ಲಿ ಮುದುಕಿಯೊಬ್ಬಳು ಕೊಡೆಯಿಂದ ಬಾರಿಸಿದಳು.
'ತಪ್ಪಾಯಿತು ಕಣಮ್ಮ, ಗುರುವಾರ ಕರೆಸಿಕೊಳ್ತೀನಿ' ಅಂದಳು ಇವಳು.
ಸ್ಕ್ರಿಪ್ಟಿನಲ್ಲಿ ಹಾಗೆ ಇರಲಿಲ್ಲ.

ಕೊನೆಗೆ ಮಾತು ಕೈಕೊಡತೊಡಗಿತು.
ಚಿಪ್ಸ್ ಕಟ್ಟುವ ಹಳೇ ಪೇಪರಿನ ಮೇಲೆ
ಅವಳ ಸಂಭಾಷಣೆ ದಪ್ಪಕ್ಷರದಲ್ಲಿ ಬರೆದಿಡುತ್ತಿದ್ದೆ;
ಓದುತ್ತಾಳೆ, ಮಡಿಸುತ್ತಾಳೆ, ಗಿರಾಕಿಗೆ ಕೊಟ್ಟುಬಿಡುತ್ತಾಳೆ.
ಮುಂದಿನ ಟೇಕಿಗೆ ಪೇಪರೂ ಇಲ್ಲ, ಮಾತೂ ಇಲ್ಲ.
ಬರಹಗಾರರು ಅಂಗಡಿಯವಳನ್ನು ಕೆನಡಾಕ್ಕೆ ಕಳಿಸಿದರು,
ಅಲ್ಲೊಬ್ಬಳು ತಂಗಿ ಹುಟ್ಟಿದಳು.
ಸೂಟ್‌ಕೇಸ್ ಎತ್ತಿ ನೋಡಿ ಕೆಳಗಿಟ್ಟಳು: 'ಖಾಲಿ.
ಭುಜಕ್ಕೆ ಸುಳ್ಳು ಹೇಳೋಕೆ ಬರಲ್ಲ.'
ಸೆಟ್ಟಿನ ಆಲೂಗಡ್ಡೆ ಒಂದು ಮೂಟೆ ತುಂಬಿಸಿಕೊಂಡು
ವಾಲುತ್ತಾ ಬಸ್ಸಿನವರೆಗೆ ನಡೆದಳು.
ಒಂದೇ ಟೇಕು.

ಮೊನ್ನೆ ಅಂತ್ಯಸಂಸ್ಕಾರದವರ ಕೋಣೆಯಲ್ಲಿ
ಪೌಡರು, ಮುತ್ತಿನ ಸರ, ಎದೆಯ ಮೇಲೆ ಜೋಡಿಸಿದ ಕೈ.
ನೋಡುವ ಚಟ ನನ್ನದು, ಹೋಗುತ್ತದೆಯೇ?
ಹೆಬ್ಬೆರಳಿಗೆ ಬಣ್ಣ ಬಳಿದಿದ್ದರು, ನುಣ್ಣಗೆ.
ಕರವಸ್ತ್ರದ ತುದಿಗೆ ಉಗುಳು ಹಚ್ಚಿ ತಿಕ್ಕಿದೆ.
ಬೆಳ್ಳಗೆ, ಗಟ್ಟಿಯಾಗಿ, ಬಂತು.
ಬಾಗಿಲಲ್ಲಿ ನಿಂತಿದ್ದ ಹುಡುಗನಿಗೆ ಹೇಳಿದೆ:
'ಹಿಂದಿನ ಶಾಟಿಗೆ ಕೂಡುತ್ತಿರಲಿಲ್ಲ.'
ಪಾಪ, ಟೀ ತರಲೇ ಎಂದ.
ತಂದ. ಬಲಗೈಲಿ ಹಿಡಿದೆ.